ಮಾಲೂರಿನ ಪಾಸು, ಕಬ್ಬನ್ ಪಾರ್ಕಿನ ಬೆಂಚು

ನಾನು ನಿವೃತ್ತಳಾದ ದಿನ ಕಚೇರಿಯವರು ಶಾಲು ಹೊದಿಸಿ, ಗಂಧದ ಹಾರ ಹಾಕಿ, ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ ಕೊಟ್ಟು ಮಧ್ಯಾಹ್ನವೇ ಕಳಿಸಿಬಿಟ್ಟರು. ಶಾಲು ಬ್ಯಾಗಿನ ತಳ ಸೇರಿತು. ಹಾರ ಖಾಲಿ ಊಟದ ಡಬ್ಬಿಯೊಳಗೆ ಸುರುಳಿ ಸುತ್ತಿಕೊಂಡು ಕೂತಿತು. ಬುಟ್ಟಿಯನ್ನು ಎಲ್ಲಿ ಬಚ್ಚಿಡಲಿ? ಅದನ್ನು ಹಿಡಿದುಕೊಂಡು ಸಂಜೆಯ ರೈಲು ಹತ್ತಿದರೆ ನನ್ನ ಗುಟ್ಟು ಅಲ್ಲಿಗೇ ರಟ್ಟು. ಕಬ್ಬನ್ ಪಾರ್ಕಿಗೆ ನಡೆದು, ಬಿದಿರು ಮೆಳೆಯ ಪಕ್ಕ ಎಲೆ ಗುಡಿಸುತ್ತಿದ್ದ ಹೆಂಗಸರ ಮುಂದೆ ಇಟ್ಟೆ.

"ಏನಮ್ಮಾ ಇದು, ಹರಕೆನಾ?" ಅಂದಳು ಒಬ್ಬಳು.

"ಹೂಂ, ಹರಕೆ."

"ಯಾವ ದೇವ್ರಿಗೆ?"

ನಾನು ನಕ್ಕು ಬುಟ್ಟಿಯನ್ನು ಅವಳತ್ತ ಸರಿಸಿದೆ. ಅವಳು ಸೇಬನ್ನು ಸೆರಗಿಗೆ ಒರೆಸಿ ಕಚ್ಚಿ, "ಯಾವ್ದಾದ್ರೂ ಇರ್ಲಿ ಬಿಡಿ, ಒಳ್ಳೇದ್ ಮಾಡ್ಲಿ" ಅಂದಳು.

ನಿವೃತ್ತಿಯನ್ನು ಯಾರಾದರೂ ಬಚ್ಚಿಡುತ್ತಾರೆಯೇ ಎಂದು ನೀವು ಕೇಳಬಹುದು. ನಮ್ಮ ಹೆಂಗಸರ ಬೋಗಿಯ ಕಟ್ಟಳೆ ಗೊತ್ತಿದ್ದವರು ಕೇಳುವುದಿಲ್ಲ. ಮಾಲೂರಿನಿಂದ ಬೆಂಗಳೂರಿಗೆ ದಿನಾ ಹೋಗಿಬರುವ ನಮ್ಮ ಗುಂಪಿನಲ್ಲಿ ಯಾರ ಸೀಟು ಯಾವುದು ಎಂಬುದು ಪಹಣಿ ಬರೆದಷ್ಟು ಖಚಿತ. ಒಬ್ಬಳು ನಿವೃತ್ತಳಾದರೆ ರೈಲಿನಲ್ಲೇ ಒಬ್ಬಟ್ಟು ಹಂಚಿ, ಕನಕಾಂಬರ ಮುಡಿಸಿ, ಸೆಂಡಾಫ್ ಮಾಡುತ್ತಾರೆ. ಅವಳ ಸೀಟು ಬಾಗಿಲ ಹತ್ತಿರ ಬಹುಕಾಲದಿಂದ ನಿಂತಿರುವವಳಿಗೆ ಹೋಗುತ್ತದೆ. ಅಲ್ಲಿಗೆ ಮುಗಿಯಿತು. ಹಾಗೆ ಹೋದವರು ಮತ್ತೆ ಬಂದದ್ದನ್ನು ನಾನು ಕಂಡಿಲ್ಲ.

ನಾನು ಮದುವೆಯಾದವಳಲ್ಲ. ಆಂಧ್ರದ ಗಡಿಯ ರಾಯಲ್ಪಾಡಿನ ಕಡೆಯ ನನ್ನ ಅಮ್ಮ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಮುದ್ದಿಸಿ ನನಗೆ ಮಾತು ಕಲಿಸಿದವಳು. ಅವಳು ಹೋದ ಮೇಲೆ ಮನೆಯಲ್ಲಿ ನಾನು ಬಾಯಿ ತೆರೆಯುತ್ತಿದ್ದದ್ದು ಆಕಳಿಕೆಗೆ ಮಾತ್ರ. ಮಾತೆಲ್ಲ ರೈಲಿನಲ್ಲೇ. ಹಾಗಾಗಿ ನಿವೃತ್ತಿಯ ಮರುದಿನವೂ ಎಂದಿನಂತೆ ಮೊಸರನ್ನದ ಡಬ್ಬಿ ಕಟ್ಟಿಕೊಂಡು, ಪಾಸು ಇಟ್ಟುಕೊಂಡು ಹೊರಟೆ. ಕಂಟೋನ್ಮೆಂಟಿನಲ್ಲಿ ಇಳಿದು ಎಲ್ಲರೂ ಅವರವರ ಬಸ್ಸಿಗೆ ಓಡಿದರು. ನಾನು ಕ್ವೀನ್ಸ್ ರಸ್ತೆ ಹಿಡಿದು ಪಾರ್ಕಿನ ಕಡೆ ಹೆಜ್ಜೆ ಹಾಕಿದೆ.

ಅಷ್ಟು ವರ್ಷ ಆ ಪಾರ್ಕನ್ನು ಅಡ್ಡದಾರಿಯಾಗಿ ದಾಟಿದ್ದೆನೇ ಹೊರತು ನೋಡಿರಲಿಲ್ಲ. ಬೆಳಗ್ಗೆ ಅದು ವಾಕಿಂಗಿನವರದು, ಕೈಯೆತ್ತಿ ಗುಂಪಾಗಿ ನಗುವವರದು, ನಾಯಿ ಸಾಕಿದವರದು. ಅವರೆಲ್ಲ ಹೋದ ಮೇಲೆ ಪ್ರೇಮಿಗಳು ಬರುತ್ತಾರೆ, ಮರಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಮಧ್ಯಾಹ್ನ ಹೈಕೋರ್ಟಿನ ಕಡೆಯಿಂದ ಕರಿಕೋಟಿನವರು ಬಂದು ಬುತ್ತಿ ಬಿಚ್ಚುತ್ತಾರೆ. ಒಬ್ಬಳೇ ಹೆಂಗಸು ಒಂದೇ ಬೆಂಚಿನಲ್ಲಿ ಬಹಳ ಹೊತ್ತು ಕೂತರೆ ಗಾರ್ಡು ಎರಡು ಸಲ ಸುತ್ತು ಹಾಕಿ, ಮೂರನೆಯ ಸಲ ಕೆಮ್ಮುತ್ತಾನೆ. ಅದಕ್ಕೇ ನಾನು ಜಾಗ ಬದಲಿಸುತ್ತಿದ್ದೆ. ಬ್ಯಾಂಡ್ ಸ್ಟ್ಯಾಂಡಿನಿಂದ ರಾಣಿಯ ಪ್ರತಿಮೆಗೆ, ಅಲ್ಲಿಂದ ಕೆಂಪು ಗೋಡೆಯ ಗ್ರಂಥಾಲಯಕ್ಕೆ, ಅಲ್ಲಿ ನಿದ್ದೆ ಬಂದರೆ ಮತ್ತೆ ಮಳೆಮರಗಳ ಕೆಳಕ್ಕೆ. ಮಳೆ ಬಂದ ದಿನ ಪಾರ್ಕಿನೊಳಗಿನ ಒಂದು ಬಂಡೆಯ ಮಗ್ಗುಲಲ್ಲಿ ಕೊಡೆ ಬಿಚ್ಚಿ ನಿಂತು, ಕಚೇರಿಯಲ್ಲಿ ಈಗ ಟೀ ಬಂದಿರುತ್ತದೆ ಅಂದುಕೊಳ್ಳುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದ ದಿನಗಳಿದ್ದವು. ಅಂಥ ದಿನ ನೀರು ಕುಡಿದು, ರೈಲಿಗೆ ಮುಂಚೆ ಒಂದು ಸಲ ಮೆಲ್ಲಗೆ ಹಾಡಿ ದನಿ ನೋಡಿಕೊಳ್ಳುತ್ತಿದ್ದೆ.

ಯಾಕೆಂದರೆ ರೈಲಿನಲ್ಲಿ ನನಗೊಂದು ಕೆಲಸವಿತ್ತು. ನಮ್ಮ ಕಚೇರಿಯ ಸಾಹೇಬರ ಕಥೆ ಹೇಳುವುದು. ನನ್ನ ಎದುರು ಸೀಟಿನವಳು ಶ್ರೀನಿವಾಸಪುರದ ಕಡೆಯ ತೆಲುಗು ಮಾತಿನ ನರ್ಸು. ಕೂತ ತಕ್ಷಣ ಚಪ್ಪಲಿ ಬಿಟ್ಟು ಕಾಲು ಮಡಚಿಕೊಂಡು, "ಚೆಪ್ಪವೇ, ಹೇಳೇ, ಇವತ್ತೇನ್ ಮಾಡಿದ ನಿನ್ನ ಸಾಹೇಬ?" ಅನ್ನುತ್ತಿದ್ದಳು. ಸಾಹೇಬರು ಈಗ ಎಲ್ಲಿಂದ ಬರಬೇಕು? ಪಾರ್ಕಿನಿಂದಲೇ ತಂದೆ. ಒಂದು ನಾಯಿ ಗಾರ್ಡಿನ ಟೋಪಿ ಕಚ್ಚಿಕೊಂಡು ಓಡಿದ್ದು ರೈಲಿನಲ್ಲಿ ಫ್ಯಾನಿನ ಗಾಳಿಗೆ ಸಾಹೇಬರ ವಿಗ್ಗು ಹಾರಿದ ಕಥೆಯಾಯಿತು. ಇಬ್ಬರು ಮಾಲಿಗಳು ನೀರಿನ ಪೈಪಿಗಾಗಿ ಜಗಳವಾಡಿದ್ದು, ಇಬ್ಬರು ಗುಮಾಸ್ತರು ಒಂದು ಕುರ್ಚಿಗಾಗಿ ಜಗ್ಗಾಡಿದ್ದಾಯಿತು. ಹೆಂಗಸರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ನಗುತ್ತಿದ್ದರು. ಆ ನಗು ಕೇಳಲು ನಾನು ದಿನವಿಡೀ ಕಣ್ಣು ಬಿಟ್ಟುಕೊಂಡು ಅಲೆಯುತ್ತಿದ್ದೆ ಎಂದರೂ ಸರಿಯೇ.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಬಾಗಿಲ ಹತ್ತಿರ ನಿಲ್ಲುವ ಹುಡುಗಿ. ದೇವರಾಯಸಮುದ್ರದವಳು, ಮಾಲೂರಿಗೆ ಸೊಸೆಯಾಗಿ ಬಂದವಳು, ಸೀರೆ ಅಂಗಡಿಯಲ್ಲಿ ಕೆಲಸ. ಮುಂದಿನ ಸೀಟು ಅವಳದೇ ಎಂದು ಎಲ್ಲರೂ ಎಂದೋ ತೀರ್ಮಾನಿಸಿದ್ದರು. ಒಂದು ಸಂಜೆ ಕೃಷ್ಣರಾಜಪುರ ದಾಟಿದ ಮೇಲೆ ನೋಡುತ್ತೇನೆ, ಅವಳು ಒಂದು ಪಾದವನ್ನು ಇನ್ನೊಂದರ ಮೇಲಿಟ್ಟು, ಕಂಬಿಗೆ ಜೋತುಬಿದ್ದು ನಗುತ್ತಿದ್ದಾಳೆ. ಪಾದಗಳು ಊದಿ, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹುದುಗಿತ್ತು.

"ಅಂಗಡೀಲಿ ಸ್ವಲ್ಪನಾದ್ರೂ ಕೂತ್ಕೊಳ್ಳೋದಲ್ವೇನೇ?" ಅಂದೆ.

"ಕೂರೋಕ್ ಬಿಟ್ರೆ ತಾನೆ ಆಂಟಿ? ಗಿರಾಕಿ ಇಲ್ದಿದ್ರೂ ನಿಂತೇ ಇರ್ಬೇಕು. ಸ್ಟೂಲು ಇಟ್ರೆ ಸೋಮಾರಿ ಆಗ್ತೀವಂತೆ." ಮತ್ತೆ ನಕ್ಕಳು. "ನಿಮ್ ಕಥೆ ಕೇಳ್ತಾ ನಿಂತ್ರೆ ಕಾಲ್ನೋವೇ ಗೊತ್ತಾಗಲ್ಲ. ನೀವ್ ಹೇಳಿ, ಆಮೇಲೆ ಸಾಹೇಬ್ರು ಏನಂದ್ರು?"

ಆಮೇಲೆ ಸಾಹೇಬರು ಏನೂ ಅನ್ನಲಿಲ್ಲ. ನನಗೆ ಕಥೆ ಮುಂದೆ ಓಡಲಿಲ್ಲ.

ಮರುದಿನ ಕಬ್ಬನ್ ಪಾರ್ಕು ಬೇಡವೆನ್ನಿಸಿ ಲಾಲ್‌ಬಾಗಿಗೆ ಹೋದೆ. ಗಾಜಿನಮನೆಯ ಸುತ್ತ ಮಾಲಿಗಳು ಮಣ್ಣು ಅಗೆದು ಸಸಿಗಳಿಗೆ ಪಾತಿ ಮಾಡುತ್ತಿದ್ದರು. ಬೂರುಗದ ದೊಡ್ಡ ಮರದ ಬೇರುಗಳು ನೆಲದ ಮೇಲೆ ಗೋಡೆಯಂತೆ ಎದ್ದು ನಿಂತಿದ್ದವು. ಮಕ್ಕಳ ಗುಂಪೊಂದು ಒಂದೊಂದು ಸಂದಿಯಲ್ಲೂ ಒಂದೊಂದು ಮನೆ ಮಾಡಿಕೊಂಡು ಆಡುತ್ತಿತ್ತು. ಕೆರೆಯ ಏರಿಯ ಮೇಲೆ ನಿಧಾನವಾಗಿ ನಡೆದೆ. ದಾರಿಯುದ್ದಕ್ಕೂ ಬೆಂಚುಗಳು. ನೆರಳಿನದೊಂದು, ನೀರಿಗೆ ಮುಖ ಮಾಡಿದ್ದೊಂದು, ಮೇಲೆ ಹೂ ಉದುರಿದ್ದೊಂದು. ಎಲ್ಲವೂ ಖಾಲಿ. ಯಾವುದರಲ್ಲಿ ಕೂತರೂ ಬೆನ್ನಿಗೆ ಏನೋ ಚುಚ್ಚಿದಂತಾಗಿ ಏಳುತ್ತಿದ್ದೆ.

ಕೊನೆಗೆ ಲಾಲ್‌ಬಾಗಿನ ಬಂಡೆ ಹತ್ತಿದೆ. ನಮ್ಮ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರು ಮೊದಲು ಕಲ್ಲನ್ನು ತಟ್ಟಿ ದನಿ ಕೇಳುತ್ತಾರೆ. ದನಿ ಕೊಟ್ಟರೆ ದೇವರು, ಇಲ್ಲದಿದ್ದರೆ ಮೆಟ್ಟಿಲು. ಆ ಕಡೆಯವರಿಗೆಲ್ಲ ಕಲ್ಲು ಕಂಡರೆ ಕೈ ತಾನಾಗಿ ಹೋಗುತ್ತದೆ. ನಾನೂ ಬಗ್ಗಿ ಬಳೆಯ ಕೈಯಿಂದ ತಟ್ಟಿದೆ. ಬಳೆಯ ಸದ್ದಷ್ಟೇ ಬಂತು. ಕೆಳಗೆ ಊರು ಗುಂಯ್‌ಗುಡುತ್ತಿತ್ತು, ಅದರಲ್ಲಿ ನನ್ನನ್ನು ಈ ಹೊತ್ತು ಎಲ್ಲಿದ್ದೀಯ ಎಂದು ಕೇಳುವವರು ಯಾರೂ ಇರಲಿಲ್ಲ. ಇದ್ದ ಕೆಲವರು ಸಂಜೆಗೆ ರೈಲಿನಲ್ಲಿ ಕೇಳುತ್ತಾರೆ, ಅಷ್ಟೇ. ಹೇಳಿಬಿಟ್ಟರೆ ಅವರೂ ಇಲ್ಲ. ಹೇಳದಿದ್ದರೆ ಆ ಹುಡುಗಿ ನಿಂತೇ ಇರುತ್ತಾಳೆ, ನಗುತ್ತಾ.

ಅವತ್ತು ಸಂಜೆ ನರ್ಸು "ಚೆಪ್ಪವೇ" ಅನ್ನುವ ಮೊದಲೇ ನಾನು ಎದ್ದು ನಿಂತೆ. ಹುಡುಗಿಯ ಕೈ ಹಿಡಿದು ಎಳೆದು ನನ್ನ ಜಾಗದಲ್ಲಿ ಕೂರಿಸಿದೆ.

"ಯಾಕಾಂಟಿ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ನನಗೆ ರಿಟೈರ್ ಆಗಿದೆ ಕಣೇ. ಹೋದ ಬೇಸಿಗೇಲೇ ಆಯ್ತು."

ಹೊರಗೆ ಆಗ ಅವರೆಯ ಕಾಲ ಮುಗಿಯುತ್ತಾ ಬಂದಿತ್ತು. ಮೊದಲು ತೆಲುಗಿನಲ್ಲಿ ಬೈದವಳು ನರ್ಸೇ.

"ನೀ ದುಂಪ ತೆಗ! ಹಂಗಾದ್ರೆ ಮೊನ್ನೆ ವಿಗ್ಗು ಹಾರಿದ್ದು?"

"ಅದು ಗಾರ್ಡಿನ ಟೋಪಿ. ನಾಯಿ ಎತ್ಕೊಂಡು ಹೋಯ್ತು."

"ಇಬ್ರು ಗುಮಾಸ್ತ್ರು?"

"ಮಾಲಿಗಳು. ಪಾರ್ಕಿನೋರು."

ಅವಳು ತಡೆಯಲಾರದೆ ನಕ್ಕಳು, ಅವಳ ಹಿಂದೆ ಉಳಿದವರೂ. ನಂತರ ಮುಖ ಗಂಟು ಹಾಕಿಕೊಂಡು, "ನಮ್ಗೆ ಹೇಳೋಕೇನಾಗಿತ್ತು ನಿಂಗೆ? ನಾವೇನು ತಿಂದ್ಬಿಡ್ತಿದ್ವಾ?" ಎಂದು ಕಿಟಕಿಯ ಕಡೆ ತಿರುಗಿ ಕೂತಳು. ಕಣ್ಣೊರೆಸಿಕೊಂಡಳೋ, ಧೂಳು ಬಿತ್ತೋ. ಹುಡುಗಿ ಏಳಲು ನೋಡಿದಳು. ಭುಜ ಒತ್ತಿ ಕೂರಿಸಿದೆ. ವೈಟ್‌ಫೀಲ್ಡ್ ಬರುವಷ್ಟರಲ್ಲಿ ಅವಳು ಚಪ್ಪಲಿ ಕಳಚಿ, ತಲೆ ಒರಗಿಸಿ ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದಿತ್ತು. ನಾನು ಬಾಗಿಲ ಕಂಬಿ ಹಿಡಿದು ಮಾಲೂರಿನವರೆಗೆ ನಿಂತೆ.

ಆ ವಾರವೇ ಒಬ್ಬಟ್ಟು ಹಂಚಿದರು, ಕನಕಾಂಬರ ಮುಡಿಸಿದರು. ನರ್ಸು ಕೋಪ ಬಿಟ್ಟು, "ಫೋನ್ ಮಾಡ್ತಿರೇ" ಅಂದಳು. ಮೊದಮೊದಲು ಮಾಡಿದೆವು. ರೈಲಿನ ಗದ್ದಲದಲ್ಲಿ ಅವಳಿಗೆ ನಾನು ಕೇಳಿಸುವುದಿಲ್ಲ, ಮನೆಯಲ್ಲಿ ಅವಳಿಗೆ ಬಿಡುವಿಲ್ಲ.

ಪಾಸು ಮುಗಿಯಿತು. ಈಗಲೂ ಯಾವಾಗಲಾದರೂ ಟಿಕೆಟ್ ಕೊಂಡು, ಕೆಲಸದವರೆಲ್ಲ ಹೋದ ಮೇಲಿನ ರೈಲಿನಲ್ಲಿ ಹೋಗಿ ಪಾರ್ಕು ಸುತ್ತಿ, ಕೆಲಸದವರು ಬರುವ ಮೊದಲಿನ ರೈಲಿನಲ್ಲಿ ಮರಳುತ್ತೇನೆ. ಹೋದ ಸಲ ಬ್ಯಾಂಡ್ ಸ್ಟ್ಯಾಂಡಿನ ಬಳಿ ಮದುವೆಯ ಫೋಟೋ ತೆಗೆಸಿಕೊಳ್ಳಲು ಒಬ್ಬ ವರ ಬಂದಿದ್ದ. ಮರದ ಕೊಂಬೆಯಿಂದ ಇಳಿದ ಅಳಿಲೊಂದು ನೇರ ಅವನ ಪೇಟದ ಮೇಲೆಯೇ ಕೂತಿತು. ಅವನು ಅಲುಗಾಡದೆ ನಿಂತ, ವಧು ಕಿರುಚಿಕೊಂಡು ಕ್ಯಾಮೆರಾದವನ ಹಿಂದೆ ಓಡಿದಳು. ಬಿದ್ದು ಬಿದ್ದು ನಗುವಂಥದ್ದು. ವರನನ್ನು ಸಾಹೇಬರನ್ನಾಗಿ ಮಾಡಬೇಕಾಗಿಯೂ ಇರಲಿಲ್ಲ.

ಮರಳುವ ರೈಲಿನಲ್ಲಿ ಇಡೀ ಬೋಗಿ ಖಾಲಿ. ಕಿಟಕಿಯ ಪಕ್ಕ ಕೂತೆ. ಬೈಯಪ್ಪನಹಳ್ಳಿಯಲ್ಲಿ ಒಬ್ಬಳು ಹತ್ತಿ, "ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದಳು.

"ಯಾರೂ ಇಲ್ಲ, ಕೂತ್ಕೊಳ್ಳಿ," ಎಂದು ಸರಿದು ಜಾಗ ಮಾಡಿದೆ. "ಇವತ್ತು ಪಾರ್ಕಿನಲ್ಲಿ ಏನಾಯ್ತು ಗೊತ್ತಾ..."

ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು. ಬೆಳಗಿನಿಂದ ದುಡಿದ ಮುಖ. ನಾನು ಮಾತು ನಿಲ್ಲಿಸಿ, ಅವಳಿಗೆ ಬಿಸಿಲು ತಾಗದಂತೆ ಕಿಟಕಿಯ ಷಟರ್ ಇಳಿಸಿದೆ.