ಮದುವೆ ಪಾಟಿನಲ್ಲಿ ಉಳಿದುಹೋದ ಹೆಸರು

ಕುಂಬ್ರದ ಪೇಟೆಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಸ್ಟುಡಿಯೋ. ನಮ್ಮ ಎಂದರೆ ನನ್ನದು ಮತ್ತು ನನ್ನ ಪಾಲುದಾರನದು. ನಾನು ಅಜ್ಜಾವರದ ಕಡೆಯವನು, ಮನೆಮಾತು ಅರೆಭಾಷೆ. ಕೀಬೋರ್ಡು, ಕಂಪ್ಯೂಟರು ನನ್ನ ಪಾಲಿಗೆ. ಅವನು ಬ್ಯಾರಿ ಮುಸಲ್ಮಾನ, ಇಲ್ಲೇ ಹುಟ್ಟಿದವನು. ಹಾಡು ಕಟ್ಟುವುದು, ಹಾಡುವುದು, ಗಿರಾಕಿಗಳೊಡನೆ ಮಾತಾಡುವುದು ಅವನ ಕೆಲಸ. ಕೆಳಗೆ ಲಾರಿಯಿಂದ ಕಬ್ಬಿಣದ ಸರಳು ಇಳಿಸಿದರೆ ಮೇಲೆ ರೆಕಾರ್ಡಿಂಗ್ ನಿಲ್ಲಿಸಬೇಕು. ಅದಕ್ಕೆ ನಾನು ಬೈಯದ ದಿನವಿಲ್ಲ.

ಸಂಗೀತದ ಉದ್ಯಮ ಎಂದರೆ ಜನರು ಸಿನೆಮಾ, ದೊಡ್ಡ ಕಂಪನಿ ಎಂದೆಲ್ಲ ಕಲ್ಪಿಸಿಕೊಳ್ಳುತ್ತಾರೆ. ನಮ್ಮ ಅನ್ನ ಇರುವುದು ಮದುವೆ ಪಾಟಿನಲ್ಲಿ, ಅಂದರೆ ಮದುವೆ ಹಾಡಿನಲ್ಲಿ. ಇಲ್ಲಿಯ ಬ್ಯಾರಿ ಮದುವೆಗಳಿಗೆ ಮದುಮಗಳು, ಮದುಮಗ ಇಬ್ಬರ ಹೆಸರನ್ನೂ ಸೇರಿಸಿ ಹಾಡು ಮಾಡಿಸುವುದುಂಟು. ಅದು ಮೊದಲು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹೋಗುತ್ತದೆ, ಆಮೇಲೆ ಹಾಲ್‌ನಲ್ಲಿ ಕೇಳಿಸುತ್ತದೆ. ಹೊಸ ಹಾಡು ಎಂದು ನಾವು ಹೇಳುತ್ತೇವೆ, ಅದು ಗಿರಾಕಿಗೆ ಹೇಳುವ ಮಾತು. ಮದುವೆಗಳು ಸಾಲುಗಟ್ಟಿ ಬರುವಾಗ ದಿನಕ್ಕೊಂದು ರಾಗ ಎಲ್ಲಿಂದ ಹುಟ್ಟಿಸುವುದು ಮಾರಾಯ್ರೆ? ಟ್ರ್ಯಾಕ್ ಅದೇ, ಕೈಚಪ್ಪಾಳೆ ಅದೇ, ಕೋರಸ್ಸಿನ ಹೆಂಗಸರ ದನಿಯೂ ಅದೇ. ಹೆಸರು ಬರುವ ಜಾಗವನ್ನಷ್ಟೇ ಕತ್ತರಿಸಿ ಅಲ್ಲಿ ಬೇರೆ ಹೆಸರು ಕೂರಿಸುತ್ತೇವೆ. ಇದರಲ್ಲಿ ಮೋಸವೇನೂ ಇಲ್ಲ. ದರ್ಜಿಯೂ ಊರಿಗೆಲ್ಲ ಒಂದೇ ಅಳತೆಯ ಕಾಲರು ಹೊಲಿಯುತ್ತಾನೆ.

ಇಲ್ಲೇ ಹತ್ತಿರದ ಸವಣೂರಿನ ಒಂದು ಮನೆಯವರು ಹಿಂದಿನ ವರ್ಷ ಮಗಳ ಮದುವೆಗೆ ನಮ್ಮಲ್ಲಿ ಪಾಟು ಮಾಡಿಸಿದ್ದರು. ಮದುವೆ ಹತ್ತಿರ ಬಂದಾಗ ಹುಡುಗನ ಕಡೆಯವರು ಕಾರಣವನ್ನೂ ಹೇಳದೆ ಹಿಂದೆ ಸರಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಅಷ್ಟರಲ್ಲಿ ಪಾಟು ನೆಂಟರ ಫೋನುಗಳಿಗೆಲ್ಲ ಹೋಗಿ, ಅದನ್ನು ಬಾಯಿಪಾಠ ಮಾಡಿದ ಮಕ್ಕಳು ಅಂಗಳದಲ್ಲಿ ಹಾಡುತ್ತಿದ್ದರಂತೆ.

ಈ ವರ್ಷ ಅದೇ ಹುಡುಗಿಗೆ ಬೇರೆ ಸಂಬಂಧ ಕೂಡಿಬಂತು. ಅವಳ ತಾಯಿ ಫೋನಿನಲ್ಲಿ ಹೊಸ ಮದುಮಗನ ಹೆಸರು ಹೇಳಿ, "ಒಂದು ಒಳ್ಳೆ ಪಾಟು ಮಾಡಿ ಕೊಡಿ" ಎಂದರು. ನನ್ನ ಪಾಲುದಾರನಿಗೆ ಖುಷಿಯೋ ಖುಷಿ.

"ಹುಡುಗಿಯ ಹೆಸರು ಹಾಡಿ ಇಟ್ಟದ್ದು ಉಂಟಲ್ಲ ಮಾರಾಯ! ಹಳೆ ಫೈಲೇ ತೆಗಿ. ಅರ್ಧ ಕೆಲಸ ಆಯ್ತು," ಎಂದ.

ನಾನು ತೆಗೆದೆ. ಅವನು ಹೊಸ ಹೆಸರು ಹಾಡಿದ, ನಾನು ಕೂರಿಸಿದೆ, ಸಂಜೆಗೆ ಕಳಿಸಿಯೂ ಆಯಿತು.

ಮರುದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ಹುಡುಗಿ ಟೀಚರ್ ತರಬೇತಿ ಮಾಡುತ್ತಿರುವವಳು, ಮಾತು ಕಡಿಮೆ. "ಅಣ್ಣ, ಕೊನೆಯಲ್ಲಿ ಕೋರಸ್ ಬರ್ತದಲ್ಲ, ಅದನ್ನು ಹೆಡ್‌ಫೋನ್ ಹಾಕಿ ಒಮ್ಮೆ ಕೇಳಿ," ಎಂದಳು.

ಕೇಳಿದೆ. ಮುಖ್ಯ ದನಿಯಲ್ಲಿ ಹೊಸ ಹೆಸರು ಸರಿಯಾಗಿಯೇ ಇತ್ತು. ಕೈಚಪ್ಪಾಳೆಯ ಅಡಿಯಲ್ಲಿ, ಹೆಂಗಸರ ದನಿಯಲ್ಲಿ ಮೆಲ್ಲಗೆ, ಹಳೆಯ ಮದುಮಗನ ಹೆಸರು! ಆ ಪಾಟಿಗೆ ಕೋರಸ್ಸಿನಲ್ಲೂ ಹೆಸರು ಹಾಡಿಸಿದ್ದೆವು, ಅದನ್ನು ಕತ್ತರಿಸಲು ನಾನು ಮರೆತಿದ್ದೆ. ಫೋನಿನ ಸ್ಪೀಕರಿನಲ್ಲಿ ಅದು ಗೊತ್ತಾಗದು. ಹಾಲ್‌ನ ದೊಡ್ಡ ಸ್ಪೀಕರುಗಳಲ್ಲಿ ಊರಿಗೇ ಗೊತ್ತಾಗುತ್ತಿತ್ತು. ಹಿಂದೊಂದು ನಿಶ್ಚಯ ಮುರಿದದ್ದು ಹೊಸ ಗಂಡಿನ ಮನೆಯವರಿಗೆ ತಿಳಿದಿತ್ತು, ನಿಜ. ಆದರೆ ತುಂಬಿದ ಹಾಲ್‌ನಲ್ಲಿ ನೆಂಟರೆಲ್ಲರ ಎದುರು ಆ ಹೆಸರು ಕೇಳಿಸಿದರೆ ಈ ಹುಡುಗಿ ತಲೆ ಎತ್ತುವುದು ಹೇಗೆ?

"ಬೇರೆ ಯಾರಿಗಾದ್ರೂ ಕಳಿಸಿದ್ದೀರಾ?" ಎಂದು ಹೆಡ್‌ಫೋನ್ ಕಿತ್ತಿಟ್ಟು ಕೇಳಿದೆ.

"ಇಲ್ಲ. ನಾನು ಪೂರ್ತಿ ಕೇಳದೆ ಕಳಿಸುದಿಲ್ಲ."

ಬದುಕಿದೆ ಎಂದುಕೊಂಡು, "ಐದು ನಿಮಿಷ ಕೂತ್ಕೊಳ್ಳಿ, ತೆಗೆದು ಕೊಡ್ತೇನೆ," ಎಂದೆ.

"ತೆಗೀಬೇಡಿ," ಎಂದಳು ಹುಡುಗಿ. "ನನಗೆ ಈ ಪಾಟೇ ಬೇಡ. ಹೆಸರು ತೆಗೆದ್ರೂ ಎಲ್ಲರಿಗೂ ಅದೇ ನೆನಪಾಗುದು. ನನಗೂ."

ನನಗೆ ಸಿಟ್ಟು ಬಂತು. ತಪ್ಪು ನಮ್ಮದೇ ಆದಾಗ ನನಗೆ ಸಿಟ್ಟು ಬೇಗ ಬರುತ್ತದೆ. "ನಾಡಿದ್ದು ಮದುವೆ ಇಟ್ಕೊಂಡು ಹೊಸ ಪಾಟು ಎಲ್ಲಿಂದ ತರುದು?" ಎಂದು ರೇಗಿದೆ. ಪಾಲುದಾರ ನನ್ನ ಭುಜ ಹಿಡಿದು, "ನೀನೊಮ್ಮೆ ಸುಮ್ಮನಿರು ಮಾರಾಯ," ಎಂದವನೇ ಕಿಟಕಿಯ ಹತ್ತಿರ ಹೋಗಿ ನಿಂತು ಏನೋ ಗುನುಗತೊಡಗಿದ. ಅವನ ಮುಖ ನಾಚಿಕೆಯಿಂದ ಕೆಂಪಾಗಿತ್ತು. ನಾನು ಗೊಣಗುತ್ತಲೇ ಕೀಬೋರ್ಡಿನ ಮೇಲೆ ಕೈ ಇಟ್ಟೆ. ಅವನು ಎರಡು ಸಾಲು ಹಾಡಿದ, ನಾನು ಮೂರನೆಯದಕ್ಕೆ ದಾರಿ ಹುಡುಕಿದೆ. ಎಷ್ಟೋ ಕಾಲದಿಂದ ಕತ್ತರಿಸಿ ಅಂಟಿಸಿ ಬೇಸತ್ತ ಕೈಗಳು ನನ್ನವು. ಅಂದು ನಿಜಕ್ಕೂ ಒಂದು ರಾಗ ಹುಟ್ಟುವಾಗ ನನಗಾದ ಸಂತೋಷವನ್ನು ಏನು ಹೇಳಲಿ! ಊಟದ ನೆನಪೂ ಆಗಲಿಲ್ಲ.

ಕೋರಸ್ಸಿಗೆ ಬರುವ ಹೆಂಗಸರು ಅಂದು ಸಿಗಲಿಲ್ಲ. ತಾಯಿ ಮಗಳೇ ಮೈಕಿನ ಮುಂದೆ ನಿಂತು ಕೈತಟ್ಟಿ ಹಾಡಿದರು. ಕಡೆಗೆ ಉಳಿದದ್ದು ಮದುಮಗನ ಹೆಸರು ಬರುವ ಸಾಲು. ಪಾಲುದಾರ ಅದನ್ನು ಹಾಡಲು ಒಳಗೆ ಹೊರಟಾಗ ಹುಡುಗಿ, "ಅದನ್ನು ನಾನು ಹಾಡ್ತೇನೆ," ಎಂದಳು.

ತಾಯಿ ಹೌಹಾರಿದರು. "ಎಂತದು ನಿನ್ನದು? ಹೆಣ್ಣುಮಕ್ಕಳು ಗಂಡನ ಹೆಸರು ಹೇಳುದುಂಟಾ? ಮದುವೆಯಾಗಿ ಇಷ್ಟು ವರ್ಷ ಆಯ್ತು, ನಾನು ನಿನ್ನ ಬಾಪನ ಹೆಸರು ಬಾಯಲ್ಲಿ ಹೇಳಿದವಳಲ್ಲ."

ನಮ್ಮ ಮನೆಯ ಹಿರಿಯ ಹೆಂಗಸರದ್ದೂ ಅದೇ ಕ್ರಮ. ಹಾಗಾಗಿ ನಾನೂ ತಾಯಿಯ ಪರ ಬಾಯಿ ಹಾಕುವವನಿದ್ದೆ.

"ಹೋದ ಸಲ ಆ ಹೆಸರನ್ನು ಊರೆಲ್ಲ ಹಾಡಿತು ಉಮ್ಮ," ಎಂದಳು ಹುಡುಗಿ. "ಹಾಡದವಳು ನಾನೊಬ್ಬಳೇ. ನನ್ನನ್ನು ಯಾರೂ ಕೇಳಲೂ ಇಲ್ಲ, ನಿನಗೆ ಅವನು ಆಗ್ತದಾ ಅಂತ. ಇವರನ್ನು ಒಪ್ಪಿದ್ದು ನಾನು. ಹೆಸರೂ ನಾನೇ ಹೇಳ್ತೇನೆ. ಬೇಕಾದ್ರೆ ನಿಖಾ ಆದ ಮೇಲೆ ಹೇಳುದಿಲ್ಲ."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಹುಡುಗಿ ಒಳಗೆ ಹೋಗಿ ಹಾಡಿದಳು. ದನಿ ಸ್ವಲ್ಪ ನಡುಗಿತು, ಶ್ರುತಿ ಒಂದು ಕೂದಲೆಳೆಯಷ್ಟು ಕೆಳಗಿತ್ತು. ಅದನ್ನು ಎತ್ತಿ ಸರಿ ಮಾಡುವ ಸಾಫ್ಟ್‌ವೇರ್ ನನ್ನಲ್ಲುಂಟು. ಮುಟ್ಟಲು ಮನಸ್ಸಾಗಲಿಲ್ಲ.

ಮದುವೆ ದಿನ ಹಾಲ್‌ನ ಸೌಂಡ್ ನಮ್ಮದೇ. ಮೂಲೆಯಲ್ಲಿ ಮಿಕ್ಸರಿನ ಹಿಂದೆ ನಾವಿಬ್ಬರೂ ಕೂತಿದ್ದೆವು. ಪಾಟು ಶುರುವಾಯಿತು. ಗಂಡಿನ ಮನೆಯವರು ಏನೆನ್ನುತ್ತಾರೋ ಎಂದು ನಾನು ಹುಡುಗಿಯ ಸಾಲು ಬರುವಲ್ಲಿ ದನಿ ತಗ್ಗಿಸುವ ಗುಂಡಿಯನ್ನು ಮೆಲ್ಲಗೆ ಕೆಳಗೆ ಎಳೆದೆ. ಅಷ್ಟರಲ್ಲಿ ತಾಯಿ ಹೆಂಗಸರ ಕಡೆಯಿಂದ ಎದ್ದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ದುಡುದುಡು ನಮ್ಮ ಹತ್ತಿರ ಬಂದರು. ಬೈಸಿಕೊಳ್ಳಲು ತಯಾರಾಗಿ ನಾನು ಎದ್ದು ನಿಂತೆ.

"ಎಂತ ಮಾರಾಯ್ರೆ ನೀವು," ಎಂದರು. "ನನ್ನ ಮಗಳ ದನಿ ಹಿಂದೆ ಕೂತವರಿಗೆ ಕೇಳುದೇ ಇಲ್ಲ. ಸ್ವಲ್ಪ ಜೋರು ಇಡಿ."