ಕಟ್ಟಿದವನೇ ಬಿಚ್ಚಬೇಕು

ಕಷ್ಟಕಾಲದಲ್ಲಿ ಮನುಷ್ಯನ ಕೈ ಹಿಡಿಯುವುದು ಅವನ ಸುತ್ತಲಿನ ಸಮಾಜವೇ ಎಂಬುದು ತಿಳಿದವರ ಅಭಿಪ್ರಾಯ. ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಸಮಾಜ ಕೈ ಹಿಡಿದದ್ದು ನಿಜ. ಆ ಕೈ ಕೊಳೆಯುವವರೆಗೂ ಬಿಡಲಿಲ್ಲ ಎಂಬುದಷ್ಟೇ ನನ್ನ ತಕರಾರು.

ತೊಂಬತ್ತರ ದಶಕದ ಮಾತು. ಕೆ. ಹೊಸಕೋಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ, ದೊಡ್ಡ ಸಂಸಾರ. ಆಗ ನಮ್ಮಲ್ಲಿ ವೈದ್ಯರಿಗೆ ಬರವಿತ್ತೆಂದು ಪೇಟೆಯವರು ತಿಳಿದಿದ್ದರೆ ಅದು ತಪ್ಪು. ಕಾಯಿಲೆಗಳಿಗಿಂತ ವೈದ್ಯರೇ ಹೆಚ್ಚಾಗಿದ್ದರು. ಜ್ವರ, ಕೆಮ್ಮು, ಭೇದಿಗೆ ಸರ್ಕಾರಿ ಡಾಕ್ಟರು. ಕಾಮಾಲೆಗೆ ಸೊಪ್ಪು ಅರೆದು ಕೊಡುವ ಒಬ್ಬಳು ಮುದುಕಿ. ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವ ಒಬ್ಬ ನಿವೃತ್ತ ಮೇಷ್ಟ್ರು. ಮೂಳೆಗೆ ಎಡಕುಮೇರಿ ಕಡೆಯ ಕಾಡಂಚಿನಲ್ಲಿದ್ದ ನಾಟಿ ವೈದ್ಯ. ಈ ಖಾತೆ ಹಂಚಿಕೆ ಯಾವ ಮಂತ್ರಿಮಂಡಲದ್ದಕ್ಕಿಂತಲೂ ಗಟ್ಟಿಯಾದದ್ದು. ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ತಲೆ ಹಾಕುವಂತಿರಲಿಲ್ಲ. ಮೂಳೆಗೆ ಇಂಗ್ಲಿಷ್ ಮದ್ದು ನಾಟುವುದಿಲ್ಲ ಎಂಬುದನ್ನು ನಮ್ಮ ಮನೆಯಲ್ಲಿ ಕೂಸುಗಳೂ ಬಲ್ಲವು. ಬಸ್ ಸ್ಟ್ಯಾಂಡ್ ಎದುರಿಗಿರುವ ವೈದ್ಯನಿಗಿಂತ ಬಸ್ಸೇ ಹೋಗದ ಜಾಗದಲ್ಲಿರುವ ವೈದ್ಯನ ಕೈಗುಣ ದೊಡ್ಡದು ಎಂಬುದೂ ಅಷ್ಟೇ ಖಚಿತವಾಗಿತ್ತು.

ಕಾಫಿ ಕೊಯ್ಲಿನ ದಿನಗಳಲ್ಲಿ ಚಿಕ್ಕಮ್ಮ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಪಕ್ಕ ಬಿದ್ದಿದ್ದ ಸಿಪ್ಪೆಯ ಮೇಲೆ ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟಿನ ಹತ್ತಿರ ಕೈ ಸೊಟ್ಟಗಾಯಿತು. ಅದೇನು ಸಾಮಾನ್ಯ ಕೈಯಲ್ಲ. ಮನೆಮಂದಿಗೂ ಆಳುಗಳಿಗೂ ದಿನಾ ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದ ಕೈ. ಹಾಗಾಗಿ ಜಗಲಿಯಲ್ಲಿ ತಕ್ಷಣ ಸಭೆ ಸೇರಿತು. ಕೈಯ ಒಡತಿಯನ್ನು ಒಳಗೆ ಮಲಗಿಸಲಾಗಿತ್ತು.

ಯಜಮಾನಿಕೆ ದೊಡ್ಡಪ್ಪನದು. "ಹಾಸನಕ್ಕೆ ಹೋದ್ರೆ ಪ್ಲಾಸ್ಟರ್ ಹಾಕಿ ಮೂಲೇಲಿ ಕೂರಿಸ್ತಾರೆ ಕಣ್ರೋ. ಸುಗ್ಗಿ ಮುಗಿಯಗಂಟ ರೊಟ್ಟಿ ತಟ್ಟೋರ್ಯಾರು?" ಎಂದರು. ಪ್ರಶ್ನೆ ಗಂಭೀರವಾಗಿತ್ತು. ಚಿಕ್ಕಮ್ಮನ ಗಂಡನಾದ ನಮ್ಮ ಚಿಕ್ಕಪ್ಪ ಬಹಳ ಹೊತ್ತು ಯೋಚಿಸಿ, "ಅಣ್ಣ ಹೇಳ್ದಂಗೆ," ಎಂದ. ಅವನು ಹುಟ್ಟಿದಾಗಿನಿಂದ ಹಾಗೇ ಯೋಚಿಸುತ್ತ ಬಂದವನು.

ಜೀಪು ಹೋಗುವಷ್ಟು ದೂರ ಜೀಪಿನಲ್ಲಿ, ಆಮೇಲೆ ರೈಲು ಹಳಿಯ ಪಕ್ಕ ನಡೆಸಿಕೊಂಡು ಚಿಕ್ಕಮ್ಮನನ್ನು ನಾಟಿ ವೈದ್ಯನ ಅಂಗಳ ಸೇರಿಸಿದೆವು. ವೈದ್ಯ ಮೊಟ್ಟೆ ಒಡೆದು, ಉದ್ದಿನ ಹಿಟ್ಟು, ಯಾವುದೋ ಸೊಪ್ಪಿನ ರಸ ಕಲಸಿಕೊಂಡ. ಆಮೇಲೆ ಕೈ ಹಿಡಿದು ಎಳೆದ. ಚಿಕ್ಕಮ್ಮ ಕೂಗಿಕೊಂಡಳು.

"ಕೂಗ್ಕಳವ್ವ, ಚೆನ್ನಾಗಿ ಕೂಗ್ಕ. ಇಲ್ಲಿ ಕೇಳಿಸ್ಕಳೋದು ಆನೆ ಮಾತ್ರವ," ಎಂದು ವೈದ್ಯ ನಕ್ಕ. ನಾವೂ ನಕ್ಕೆವು. ಅವನು ಸುತ್ತಲೂ ಬಿದಿರಿನ ದಬ್ಬೆಗಳನ್ನಿಟ್ಟು, ಬಟ್ಟೆ ಸುತ್ತಿ, ಮೊಣಕಾಲು ಕೊಟ್ಟು ಬಿಗಿದ. ಎದ್ದು ನಿಂತು, "ಬದನೆಕಾಯಿ ತಿನ್ನಂಗಿಲ್ಲ. ನೀರು ತಾಕಿಸಂಗಿಲ್ಲ. ಕಟ್ಟಿದೋನೇ ಬಿಚ್ಬೇಕು. ಬೇರೆಯೋರ ಕೈ ಬಿದ್ರೆ ಮದ್ದು ಸತ್ತೋಯ್ತದೆ," ಎಂದು ಶಾಸನ ಓದಿದ.

ಮನೆಗೆ ಬರುವಷ್ಟರಲ್ಲಿ ಬೆರಳುಗಳು ಊದಿದ್ದವು. ಮಾರನೆಯ ದಿನ ಕೆಂಪಾದವು, ಆಮೇಲೆ ನೇರಳೆ ಬಣ್ಣಕ್ಕೆ ತಿರುಗಿದವು. ಇಷ್ಟು ಹೊತ್ತಿಗೆ ಸುದ್ದಿ ಹರಡಿ, ನೋಡಲು ಬರುವವರ ಸಾಲು ಶುರುವಾಯಿತು. ನಮ್ಮ ಕಡೆ ರೋಗಿಯನ್ನು ನೋಡಲು ಹೋಗದಿದ್ದರೆ ನೆಂಟಸ್ತಿಕೆ ಮುರಿಯುತ್ತದೆ. ಹೋದರೆ ರೋಗಿಗೆ ಏನಾಗುತ್ತದೆ ಎಂದು ಯಾರೂ ವಿಚಾರಿಸಿದವರಿಲ್ಲ. ಬಂದವರು ಬನ್ನು ತಂದರು. ನಮ್ಮದೇ ತೋಟದ ಕಿತ್ತಳೆಯನ್ನು ಬರುವ ದಾರಿಯಲ್ಲಿ ಕಿತ್ತು ತಂದರು. ಕಾಫಿ ಕುಡಿದು, ಬೆರಳು ನೋಡಿ, ತೃಪ್ತಿಪಟ್ಟರು.

"ಕೆಟ್ಟ ರಕ್ತ ಇಳೀತಾ ಐತೆ ಬಿಡಿ. ಮದ್ದು ಹಿಡ್ದೈತೆ," ಎಂದಳು ಪಕ್ಕದ ತೋಟದ ಹೆಂಗಸು.

"ಪ್ರಾಣ ಹೋಯ್ತಾ ಐತೆ ಕಣಕ್ಕ," ಎಂದಳು ಚಿಕ್ಕಮ್ಮ.

"ಹೂಂ, ನಿಂಗೊಬ್ಳಿಗೇ ನೋವು. ನಾವೆಲ್ಲ ಮಕ್ಳು ಹೆತ್ತಿಲ್ವಾ? ಸುಮ್ನೆ ಮಲೀಕೊ."

ಒಂದು ಮಧ್ಯಾಹ್ನ ಎಲ್ಲರೂ ಕಣದ ಹತ್ತಿರ ಇದ್ದಾಗ ಚಿಕ್ಕಮ್ಮ ಎದ್ದು, ಈಳಿಗೆಮಣೆಯ ಮೇಲೆ ಕೂತು, ಕಟ್ಟಿನ ಬಟ್ಟೆಯನ್ನು ಅಲಗಿಗೆ ಉಜ್ಜತೊಡಗಿದಳು. ಅದೇ ಹೊತ್ತಿಗೆ ನೋಡಲು ಬಂದ ಆ ಪಕ್ಕದ ತೋಟದವಳೇ ಬೊಬ್ಬೆ ಹೊಡೆದು ಮನೆಯವರನ್ನೆಲ್ಲ ಕೂಡಿಸಿದಳು. ಈಳಿಗೆಮಣೆ, ಕತ್ತಿ, ಕುಡುಗೋಲು ಎಲ್ಲ ಅಟ್ಟ ಸೇರಿದವು. ಅಂದಿನಿಂದ ನಮ್ಮ ಮನೆಯ ಸಾರಿನಲ್ಲಿ ತರಕಾರಿಗಳು ಇಡಿಯಾಗಿ ತೇಲುತ್ತಿದ್ದವು. ರುಚಿಯ ಬಗ್ಗೆ ದೂರುಗಳಿದ್ದವು. ಎಲ್ಲರೂ ಚಿಕ್ಕಮ್ಮನನ್ನೇ ಬೈದರು.

ಈ ನಡುವೆ ದೊಡ್ಡಪ್ಪನಿಗೆ ನೆಗಡಿಯಾಯಿತು. ಇದು ಇಂಗ್ಲಿಷ್ ಮದ್ದಿನ ಖಾತೆಗೆ ಸೇರಿದ್ದರಿಂದ ಸರ್ಕಾರಿ ಡಾಕ್ಟರಿಗೆ ಹೇಳಿ ಕಳಿಸಿದರು. ಬಯಲುಸೀಮೆಯಿಂದ ವರ್ಗವಾಗಿ ಬಂದಿದ್ದ ಆ ಡಾಕ್ಟರು ಮೋಟರ್ ಸೈಕಲ್ಲಿನಲ್ಲಿ ಬಂದು ದೊಡ್ಡಪ್ಪನಿಗೆ ಇಂಜೆಕ್ಷನ್ ಕೊಟ್ಟರು. ಕೈ ತೊಳೆಯಲು ಒಳಗೆ ಹೋದವರು ಚಿಕ್ಕಮ್ಮನ ಬೆರಳು ನೋಡಿದರು. ಮುಟ್ಟಿದರು. ಉಗುರು ಒತ್ತಿದರು.

"ಇದನ್ನ ಈಗಲೇ ಬಿಚ್ಚಬೇಕು. ಕತ್ತರಿ ಕೊಡಿ. ರಕ್ತ ಓಡ್ತಿಲ್ಲ. ಹೀಗೇ ಬಿಟ್ರೆ ಕೈ ಹೋಗುತ್ತೆ," ಎಂದು ಜಗಲಿಗೆ ಬಂದು ಹೇಳಿದರು.

ದೊಡ್ಡಪ್ಪ ಶಾಲು ಸರಿಪಡಿಸಿಕೊಂಡರು. "ಡಾಕ್ಟ್ರೇ, ನೀವು ಜ್ವರಕ್ಕೆ ಭಾಳ ಒಳ್ಳೇರು. ಅದ್ರಾಗೆ ಎರಡು ಮಾತಿಲ್ಲ. ಕಾಫಿ ತಗಳಿ."

"ಕೈ ಹೋಗುತ್ತೆ ಅಂತಿದೀನಿ!"

"ಬಿಚ್ಚಿದ್ರೇ ಹೋಗೋದು."

ಭಾವನ ಎದುರು ಮಾತಾಡದ ಚಿಕ್ಕಮ್ಮ ಅಂದು ಅಡುಗೆಮನೆಯ ಬಾಗಿಲ ಹಿಂದಿನಿಂದಲೇ ಚಿಕ್ಕಪ್ಪನನ್ನು ಕರೆದು, "ನಿಮ್ಮಣ್ಣಂಗೆ ಹೇಳಿ. ಕೈ ನಂದು ಕಣ್ರೀ. ಬಿಚ್ಚಿಸಿ. ನಿಮ್ ಕಾಲು ಹಿಡೀತೀನಿ," ಎಂದಳು. ಹಿಡಿಯಲು ಒಂದೇ ಕೈ ಉಳಿದಿತ್ತು. ಚಿಕ್ಕಪ್ಪ ಅಣ್ಣನ ಮುಖ ನೋಡಿದ. ಅಣ್ಣ ಹೊರಗೆ ಕಣದ ಕಡೆ ನೋಡಿದರು. ಡಾಕ್ಟರು ಕಾಫಿ ಮುಟ್ಟದೆ ಹೋದರು. ಅವರಿಗೆ ಸೊಕ್ಕು ಎಂದು ಊರಲ್ಲಿ ತೀರ್ಮಾನವಾಯಿತು.

ಆದರೂ ದೊಡ್ಡಪ್ಪ ನ್ಯಾಯವಂತರು. ಕಟ್ಟಿದವನನ್ನೇ ಕರೆತಂದು ಬಿಚ್ಚಿಸೋಣವೆಂದು ಚಿಕ್ಕಪ್ಪನನ್ನೂ ನನ್ನನ್ನೂ ಎಡಕುಮೇರಿ ಕಡೆಗೆ ಅಟ್ಟಿದರು. ಜೀಪು ಇಳಿದು, ಹಳಿಯ ಪಕ್ಕ ನಡೆದು ಅಂಗಳ ಮುಟ್ಟಿದರೆ, ವೈದ್ಯ ತಲೆ ಬೋಳಿಸಿಕೊಂಡು ಜಗಲಿಯ ಮೇಲೆ ಕೂತಿದ್ದ. ದೂರದಿಂದಲೇ ಕೈಯೆತ್ತಿ ತಡೆದ.

"ಸೂತಕ ಕಣಪ್ಪ. ದಾಯಾದಿ ಮುದುಕ ಹೋಗ್ಬುಟ್ಟ. ತಿಥಿ ಆಗಗಂಟ ನಾನು ಮದ್ದು ಮುಟ್ಟಂಗಿಲ್ಲ, ಕಟ್ಟೂ ಮುಟ್ಟಂಗಿಲ್ಲ."

"ಬೆರಳು ಕಪ್ಪಾಗ್ಬುಟ್ಟೈತೆ," ಎಂದ ಚಿಕ್ಕಪ್ಪ.

"ಆಗ್ಲಿ. ಕಪ್ಪಾಗೇ ಬೆಳ್ಳಗಾಗೋದು."

"ನಾವೇ ಬಿಚ್ಕಂಡ್ರೆ?"

"ಬಿಚ್ಕಳಿ ಮಾರಾಯ, ನಂದೇನು? ಆದ್ರೆ ಆಮೇಲೆ ನಿಮ್ಮನೇರು ಯಾರೂ ನನ್ ಅಂಗಳ ತುಳೀಬಾರ್ದು. ಯಾರೂವ."

ಈ ಮಾತು ಮನೆ ಮುಟ್ಟಿದಾಗ ಜಗಲಿಯಲ್ಲಿ ಮತ್ತೊಮ್ಮೆ ಸಭೆಯಾಯಿತು. ಈ ಸಲ ಪ್ರಶ್ನೆ ಒಂದು ಕೈಯದಲ್ಲ, ಇಡೀ ವಂಶದ ಮೂಳೆಗಳದ್ದಾಗಿತ್ತು. "ಇನ್ನೇನು ಮೆಣಸು ಕುಯ್ಯೋ ಕಾಲ ಬಂತು. ಏಣಿ ಮೇಲಿಂದ ಯಾರಾರಾ ಬಿದ್ರೆ ಎಲ್ಲಿಗೆ ಹೊತ್ಕಂಡು ಹೋಗ್ತೀರ್ರೋ?" ಎಂದರು ದೊಡ್ಡಪ್ಪ. ಆ ವರ್ಷ ಯಾರೂ ಬೀಳಲಿಲ್ಲ, ಮುಂದಿನ ವರ್ಷವೂ ಬೀಳಲಿಲ್ಲ. ಆದರೆ ಮುಂದಾಲೋಚನೆಯೆಂದರೆ ಅದೇ ಅಲ್ಲವೇ. ಸೂತಕ ಕಳೆಯುವವರೆಗೆ ಕಾಯುವುದೆಂದಾಯಿತು.

ಕಾದೆವು. ಚಿಕ್ಕಮ್ಮ ಮೊದಮೊದಲು ಕೂಗುತ್ತಿದ್ದಳು, ಆಮೇಲೆ ನರಳುತ್ತಿದ್ದಳು. ಕೊನೆಗೆ ಸುಮ್ಮನಾದಳು. ನೋವು ಇಳಿದಿದೆ ಎಂದು ಎಲ್ಲರಿಗೂ ಸಮಾಧಾನವಾಯಿತು. ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಪಕ್ಕದ ತೋಟದವಳು ಚಿವುಟಿ ನೋಡಿ, "ನೋಡಿದ್ರಾ, ಈಗ ನೋವೇ ಇಲ್ಲ," ಎಂದು ಸಾರಿದಳು. ಕೋಣೆಯಲ್ಲಿ ವಾಸನೆ ಶುರುವಾದ ಮೇಲೆ ನೋಡಲು ಬರುವವರು ಜಗಲಿಯಿಂದಲೇ ನೋಡಿ ಹೋಗತೊಡಗಿದರು. ಬನ್ನು ಬರುವುದು ಮಾತ್ರ ನಿಲ್ಲಲಿಲ್ಲ.

ತಿಥಿ ಮುಗಿಸಿ, ಸ್ನಾನ ಮಾಡಿ, ಮಡಿ ಪಂಚೆಯುಟ್ಟು ವೈದ್ಯ ತಾನಾಗಿಯೇ ಬಂದ. ಅಂತಹ ಸಜ್ಜನ. ಕೈಮುಗಿದು ಕೂತು ಕಟ್ಟು ಬಿಚ್ಚಿದ. ಬಟ್ಟೆಯ ಜೊತೆ ಚರ್ಮವೂ ಬಂತು. ಚಿಕ್ಕಪ್ಪ ಎದ್ದು ಹೊರಗೆ ಹೋದ. ವೈದ್ಯ ಮಾತ್ರ ಧೈರ್ಯಗೆಡದೆ ಮಣಿಕಟ್ಟನ್ನು ಎರಡು ಬೆರಳಲ್ಲಿ ತಡವಿ, ಮುಖ ಅರಳಿಸಿ ದೊಡ್ಡಪ್ಪನನ್ನು ಕರೆದ.

"ಬನ್ನಿ ಗೌಡ್ರೇ, ಮುಟ್ಟಿ ನೋಡಿ. ಮೂಳೆ ಎಷ್ಟು ಚೆಂದ ಕೂತೈತೆ!"

ದೊಡ್ಡಪ್ಪ ಮೂಗು ಮುಚ್ಚಿಕೊಂಡು ಮುಟ್ಟಿ ನೋಡಿದರು. ನಿಜವಾಗಿಯೂ ಕೂತಿತ್ತು. "ಮತ್ತೆ ಇದು?" ಎಂದು ಬೆರಳುಗಳ ಕಡೆ ತೋರಿಸಿದರು.

"ಅದು ಮಾಂಸ. ಮಾಂಸಕ್ಕೆ ಇಂಗ್ಲಿಷ್ ಮದ್ದೇ ಆಗ್ಬೇಕು. ನಂದು ಮೂಳೆ ಮಾತ್ರವ," ಎಂದು ವೈದ್ಯ ಕೈ ತೊಳೆದುಕೊಂಡ.

ಚಿಕ್ಕಮ್ಮ ಅವನನ್ನಾಗಲಿ ದೊಡ್ಡಪ್ಪನನ್ನಾಗಲಿ ನೋಡಲಿಲ್ಲ. "ಅಟ್ಟದಿಂದ ಈಳಿಗೆಮಣೆ ಇಳ್ಸಿ. ಇನ್ನು ಹೆದ್ರಿಕೆ ಇಲ್ಲ," ಎಂದಳು.

ಹಾಸನದ ಆಸ್ಪತ್ರೆಯಲ್ಲಿ ಅವಳ ಬಲಗೈಯನ್ನು ಮೊಣಕೈಯಿಂದ ಕೆಳಗೆ ತೆಗೆದರು. ಎಡಗೈಯಲ್ಲಿ ಬಡಿಸಿದ್ದನ್ನು ಉಣ್ಣುವುದು ಸಲ್ಲದೆಂದು ಮನೆಯಲ್ಲಿ ಅಡುಗೆಗೆ ಬೇರೆಯವರನ್ನು ಗೊತ್ತುಮಾಡಿದರು.