ಓರೆ ಪಿನ್ನು

ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯವಳನ್ನು ಬೀದಿಯವರೆಲ್ಲ ಜೆರಾಕ್ಸ್ ಅಕ್ಕ ಎಂದೇ ಕರೆಯುತ್ತಿದ್ದರು. ಓರೆಕೋರೆ ಕಂಡರೆ ಅವಳ ಕೈ ಸುಮ್ಮನಿರದು. ಯಾರ ಕಾಗದದಲ್ಲಿ ಪಿನ್ನು ಸೊಟ್ಟಗಿದ್ದರೂ ಉಗುರಿನಿಂದ ಎಬ್ಬಿಸಿ, ಹಾಳೆಗಳನ್ನು ಮೇಜಿಗೆ ತಟ್ಟಿ ಸಮ ಮಾಡಿ, ಹೊಸ ಪಿನ್ನು ಹೊಡೆದೇ ಕೊಡುವಳು. ಗಿರಾಕಿಗಳಿಗೂ ಅದು ಇಷ್ಟ. ಗಂಡ ಮಾತ್ರ, ತನ್ನ ಮೀಸೆಗೂ ಒಂದು ದಿನ ಇವಳು ಸ್ಕೇಲಿಡುತ್ತಾಳೆ ಎಂದು ನಗುತ್ತಿದ್ದ.

ತಂಗಿಗೆ ಹೊರದೇಶದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಸರ್ಟಿಫಿಕೇಟಿನ ಪ್ರತಿಗಳಿಗೆ ನೋಟರಿಯ ಸಹಿ, ಆಮೇಲೆ ವಿದೇಶಾಂಗ ಕಚೇರಿಯ ಮುದ್ರೆ, ಕೊನೆಗೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ, ಇಷ್ಟೂ ಆಗಬೇಕು. ತಂಗಿಗೆ ರಜೆ ಸಿಗಲಿಲ್ಲ. ಅಲೆದಾಟವನ್ನು ಅಕ್ಕನೇ ಹೊತ್ತಳು. ತನ್ನ ಪುಟ್ಟ ಮಗನನ್ನು ಸೊಂಟಕ್ಕೇರಿಸಿ ಸಾಲುಗಳಲ್ಲಿ ನಿಂತಳು. ಎಲ್ಲ ಸುಸೂತ್ರವಾಗಿ ನಡೆದು, ಉಳಿದದ್ದು ಕೊನೆಯ ಮುದ್ರೆ. ಅದಕ್ಕೆ ಗುರುವಾರವೇ ಕಡೆಯ ದಿನ. ತಪ್ಪಿದರೆ ಕೆಲಸ ಇನ್ನೊಬ್ಬರ ಪಾಲು.

ಆ ಗುರುವಾರ ರಾಯಭಾರ ಕಚೇರಿಯಲ್ಲಿ ಗಾಜಿನ ಹಿಂದೆ ಕೂತಿದ್ದಾಕೆ ಮುದ್ರೆಗಳನ್ನು ನೋಡಲೇ ಇಲ್ಲ. ಹಾಳೆಯ ಮೂಲೆಯನ್ನು ಬೆಳಕಿಗೆ ಹಿಡಿದರು. ಪಿನ್ನಿನ ಪಕ್ಕ ಹಳೆಯ ತೂತುಗಳು.

"ಇದನ್ನ ಬಿಚ್ಚಿದ್ದು ಯಾರಮ್ಮ?"

"ನಾನೇ ಮೇಡಂ. ನೋಟರಿಯವರ ಪಿನ್ನು ಸೊಟ್ಟಗಿತ್ತು, ನಿನ್ನೆ ರಾತ್ರಿ ನೆಟ್ಟಗೆ ಹಾಕ್ದೆ." ಭೇಷ್ ಅನ್ನುತ್ತಾರೆಂದೇ ಅವಳು ಮುಖ ನೋಡಿದಳು.

"ಬಿಚ್ಚಿದ ಮೇಲೆ ಒಳಗಿನ ಹಾಳೆ ಅದೇನೇ ಅಂತ ಹೇಗಮ್ಮ ನಂಬೋದು? ಇದು ನಡೆಯಲ್ಲ. ನೋಟರಿಯಿಂದ ಮತ್ತೆ ಮಾಡಿಸ್ಕೊಂಡು ಬನ್ನಿ."

ಕವರು ಕಿಂಡಿಯಿಂದ ವಾಪಸು ಬಂತು. ತೆಗೆದುಕೊಳ್ಳಲು ಅವಳ ಕೈ ಏಳಲಿಲ್ಲ. ಮಗು ಜಡೆ ಹಿಡಿದು ಜಗ್ಗುತ್ತಿದ್ದರೂ ಅರಿವಾಗಲಿಲ್ಲ. ತನ್ನ ಹೆಬ್ಬೆರಳಿನ ಉಗುರನ್ನೇ, ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತಳು. ಹಿಂದಿನವರು ಸರಿಯಿರಿ ಎಂದಾಗಲೇ ಕಾಲು ಕಿತ್ತಿಟ್ಟದ್ದು.

ಹೊರಗೆ ಬಂದು ತಂಗಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು.

"ಅಕ್ಕಾ, ಬೈತಲೆ ಸೊಟ್ಟ ಅಂತ ಜಡೆ ಬಿಚ್ಚಿ ಬಿಚ್ಚಿ ಹೆಣೆದು ನಂಗೆ ಸ್ಕೂಲ್ ಬಸ್ ತಪ್ಪಿಸ್ತಿದ್ದೆಯಲ್ಲ," ಎಂದಳು ತಂಗಿ. ನಗಲು ಹೋದ ದನಿ ಅರ್ಧಕ್ಕೇ ಒಡೆಯಿತು. "ಇದೂ ಆ ಬಸ್ಸೇ ಬಿಡು."

ಆ ಕೆಲಸ ಕೈತಪ್ಪಿತು. ಮುಂದಿನ ತಂಡದಲ್ಲಿ ಹೆಸರು ಸೇರಿಸುತ್ತೇವೆ ಎಂದು ಆಸ್ಪತ್ರೆಯವರು ತಿಳಿಸಿದಾಗ, ಈ ಸಲ ಹೇಗೋ ರಜೆ ಹಾಕಿ ತಂಗಿಯೂ ನೋಟರಿಯ ಬಳಿ ಬಂದಳು. ಗುಮಾಸ್ತ ಪಿನ್ನು ಹೊಡೆದ. ಹಿಂದಿನದಕ್ಕಿಂತ ಸೊಟ್ಟ. ಅಕ್ಕನ ಕೈ ತಾನಾಗಿ ಮುಂದಕ್ಕೆ ಹೋಯಿತು, ಅವಳೇ ಬೆಚ್ಚಿಬಿದ್ದಳು.

ತಂಗಿ ತಾನೆತ್ತಿಕೊಂಡಿದ್ದ ಮಗುವನ್ನು ಆ ಕೈಗಳಲ್ಲಿ ಇಟ್ಟಳು. "ಇವನನ್ನ ನೀನು ಹಿಡ್ಕೋ. ಕವರ್ ನಾನು ಹಿಡ್ಕೋತೀನಿ."